ಐನೂರು ದೊಡ್ಡದೋ, ಆರುನೂರೈವತ್ತು ದೊಡ್ಡದೋ?

ಮನರಂಜನಾ ಪಾರ್ಕು ಕಟ್ಟಿ ನಡೆಸುವ ರೋಲರ್‌ಕೋಸ್ಟರ್ ಟೈಕೂನ್ ಎಂಬ ಕಂಪ್ಯೂಟರ್ ಆಟದ ಎರಡನೇ ಲೆವೆಲ್ಲು ಡೈನಮೈಟ್ ಡ್ಯೂನ್ಸ್, ಮರಳುಗಾಡಿನ ನಡುವೆ ಇರುವ ಒಂದು ಪಾರ್ಕು. ಮೂರನೇ ವರ್ಷದ ಅಕ್ಟೋಬರ್ ಮುಗಿಯುವ ಹೊತ್ತಿಗೆ ಅದರೊಳಗೆ 650 ಜನ ಇರಬೇಕು. ಮೂರನೇ ಲೆವೆಲ್ಲು ಲೀಫಿ ಲೇಕ್, ದೊಡ್ಡ ಕೆರೆಯ ಸುತ್ತಲ ಜಾಗ. ಗಡುವು ಅದೇ, ಆದರೆ 500 ಜನ ಸಾಕು. ಮೊದಲ ಸಲ ನೋಡಿದಾಗ ಯಾರೋ ಅಂಕಿ ಅದಲುಬದಲು ಮಾಡಿದ್ದಾರೆ ಅಂದುಕೊಂಡಿದ್ದೆ. ಮೇಲಿನ ತರಗತಿಗೆ ಹೋದಂತೆ ಪಾಸಾಗುವ ಅಂಕ ಇಳಿಯುವುದುಂಟೆ?

ಆಡಿದ ಮೇಲೆ ತಿಳಿಯಿತು, 650 ಸಲೀಸು, 500 ತ್ರಾಸು. ಮರಳುಗಾಡಿನ ಪಾರ್ಕಿನಲ್ಲಿ ಒಂದು ಕೋಸ್ಟರ್ ಆಗಲೇ ನಿಂತಿರುತ್ತದೆ. ಗೇಟು ತೆಗೆದ ದಿನದಿಂದಲೇ ಕಾಸು ಹುಟ್ಟುತ್ತದೆ. ಕೆರೆಯ ದಡದಲ್ಲಿ ಹುಲ್ಲು, ಮರ, ನೀರು ಬಿಟ್ಟರೆ ಏನೂ ಇಲ್ಲ. ಮೊದಲ ತಿರುಗು ಕುದುರೆಯನ್ನು ಎಲ್ಲಿ ನಿಲ್ಲಿಸಬೇಕು, ದಾರಿ ಎಷ್ಟು ಉದ್ದ ಎಳೆಯಬೇಕು, ಕೆರೆಯನ್ನು ಬಳಸಿ ಹೋಗುವುದೋ ಅದರ ಮೇಲೆ ಸೇತುವೆ ಹಾಕುವುದೋ, ಎಲ್ಲವೂ ನಮ್ಮ ತಲೆಗೇ ಬಂತು. ಗುರಿಯ ಅಂಕಿ ಇಳಿದಿದೆ, ಹೊಣೆ ಏರಿದೆ. ಈ ಆಟದ ಅತಿ ಜಾಣ ನಡೆ ಇದೇ ಅನ್ನುವುದು ನನ್ನ ಅಭಿಪ್ರಾಯ. ಇದೇ ಜಾಣತನ ಕೊನೆಯವರೆಗೂ ಉಳಿಯಿತೇ ಅನ್ನುವುದು ಈ ಬರಹದ ಪ್ರಶ್ನೆ.

ಆಟ ಬಂದದ್ದು 1999ರಲ್ಲಿ. ಬ್ರಿಟನ್ನಿನ ಕ್ರಿಸ್ ಸಾಯರ್ ಅದರ ಬಹುಪಾಲು ಕೋಡನ್ನು ಒಬ್ಬರೇ ಕೂತು ಅಸೆಂಬ್ಲಿ ಭಾಷೆಯಲ್ಲಿ ಬರೆದರು. ಆ ಕಾರಣಕ್ಕೇ ಅದು ಬಡ ಕಂಪ್ಯೂಟರುಗಳಲ್ಲೂ ಓಡಿತು. ತುಮಕೂರಿನಲ್ಲಿ ಗೆಳೆಯನ ಮನೆಯ ಹಳೇ ಕಂಪ್ಯೂಟರಿನಲ್ಲೂ ನಾವು ಅದನ್ನು ಆಡಲು ಸಾಧ್ಯವಾದದ್ದು ಹಾಗೆ. ಒಟ್ಟು 21 ಲೆವೆಲ್ಲು, ಎಲ್ಲ ಮುಗಿಸಿದವರಿಗೆ ಗುರಿಯೇ ಇಲ್ಲದ ಮೆಗಾ ಪಾರ್ಕ್. ಮೊದಲ ಐದು ಬಾಗಿಲು ಮೊದಲೇ ತೆರೆದಿರುತ್ತವೆ, ಒಂದು ಮುಗಿಸಿದರೆ ಮುಂದೆ ಇನ್ನೊಂದು ತೆರೆಯುತ್ತದೆ. ಈ ಐದರಲ್ಲಿ ಯಾವುದರಿಂದ ಬೇಕಾದರೂ ಶುರು ಮಾಡಬಹುದು. ಒಂದು ಕೈಕೊಟ್ಟರೆ ಇನ್ನೊಂದಕ್ಕೆ ಹೋಗಬಹುದು, ಇಡೀ ಆಟವೇ ಮುಚ್ಚಿಹೋಗುವುದಿಲ್ಲ. ಮಕ್ಕಳಿಗೆ ಕಲಿಸಿದವರಿಗೆ ಇದರ ಬೆಲೆ ಗೊತ್ತು.

ಆ ಐದನ್ನು ಸಾಲಾಗಿ ಇಟ್ಟು ನೋಡೋಣ. ಆಟದ ಒಂದು ವರ್ಷವೆಂದರೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ, ಎಂಟೇ ತಿಂಗಳು. ಫಾರೆಸ್ಟ್ ಫ್ರಾಂಟಿಯರ್ಸ್‌ನಲ್ಲಿ ಒಂದು ವರ್ಷಕ್ಕೆ 250 ಜನ, ಅಂದರೆ ತಿಂಗಳ ಲೆಕ್ಕದಲ್ಲಿ ಸುಮಾರು 31. ಡೈನಮೈಟ್ ಡ್ಯೂನ್ಸ್‌ನಲ್ಲಿ 27. ಲೀಫಿ ಲೇಕ್‌ನಲ್ಲಿ 21. ನಾಲ್ಕನೆಯದಾದ ಡೈಮಂಡ್ ಹೈಟ್ಸ್‌ನಲ್ಲಿ ಜನರ ಲೆಕ್ಕವೇ ಇಲ್ಲ, ಚೆನ್ನಾಗಿ ನಡೆಯುತ್ತಿರುವ ಪಾರ್ಕಿನ ಮೌಲ್ಯವನ್ನು ಇಮ್ಮಡಿ ಮಾಡಬೇಕು. ಐದನೆಯದಾದ ಎವರ್‌ಗ್ರೀನ್ ಗಾರ್ಡನ್ಸ್‌ನಲ್ಲಿ ನಾಲ್ಕು ವರ್ಷಕ್ಕೆ 1000 ಜನ, ತಿಂಗಳಿಗೆ ಮತ್ತೆ 31. ಅಂಕಿಯಲ್ಲಿ ಹೊರಟಲ್ಲಿಗೇ ಬಂದು ನಿಂತೆವು. ಆದರೆ ಐದು ಕಡೆ ಐದು ಬೇರೆ ಕೆಲಸ: ತೆರವಾದ ಕಾಡಿನಲ್ಲಿ ಕಟ್ಟುವುದು, ಇದ್ದದ್ದನ್ನು ಬೆಳೆಸುವುದು, ಬರಿಗೈಯಲ್ಲಿ ಶುರು ಮಾಡುವುದು, ಗೆದ್ದವರ ಮೇಲೆ ಗೆಲ್ಲುವುದು, ಚೆಂದದ ಹೂದೋಟವನ್ನು ಕೆಡಿಸದೆ ಪಾರ್ಕು ಮಾಡುವುದು. ಕಷ್ಟವನ್ನು ಮೆಟ್ಟಿಲಿನ ಹಾಗೆ ಎತ್ತರಿಸಿಲ್ಲ, ನೆಲವನ್ನೇ ಬದಲಿಸಿದ್ದಾರೆ. ಆರನೆಯದಾದ ಬಂಬ್ಲಿ ಬೀಚ್‌ನಲ್ಲಿ ಮಾತ್ರ ಎರಡೇ ವರ್ಷಕ್ಕೆ 750 ಜನ ಬೇಕು. ತಿಂಗಳಿಗೆ 47ರ ಹತ್ತಿರ ಬಂತು. ನೆಲ ಕಲಿತವನಿಗೆ ಈಗ ವೇಗದ ಪರೀಕ್ಷೆ. ಇಲ್ಲಿಯವರೆಗಿನ ಕಟ್ಟಡ ಗಟ್ಟಿಯಾಗಿದೆ.

ಬಿರುಕು ಕಾಣುವುದು ಲೆವೆಲ್ಲು ಲೆವೆಲ್ಲಿನ ನಡುವೆ ಅಲ್ಲ, ಒಂದೊಂದು ಲೆವೆಲ್ಲಿನ ಒಳಗೆ. ಲೀಫಿ ಲೇಕ್‌ನ ಮೊದಲ ಬೇಸಿಗೆಯನ್ನೇ ತಗೊಳ್ಳಿ. ಕೈಯಲ್ಲಿರುವುದು ಸಾಲದ ದುಡ್ಡು. ಒಂದು ತಿರುಗು ಕುದುರೆ, ಒಂದು ಶೌಚಾಲಯ, ಒಂದು ಜ್ಯೂಸಿನ ಅಂಗಡಿ, ಕಸ ಗುಡಿಸಲು ಒಬ್ಬ ಆಳು. ಖಜಾನೆ ಬರಿದು. ಯಾರೋ ಒಬ್ಬ ಬೆಂಚಿನ ಪಕ್ಕ ವಾಂತಿ ಮಾಡಿಕೊಂಡರೂ ಎದೆ ಧಸಕ್ ಅನ್ನುತ್ತದೆ. ಎರಡನೇ ವರ್ಷಕ್ಕೆ ಮೊದಲ ದೊಡ್ಡ ಕೋಸ್ಟರ್ ನಿಂತಿತೋ, ಆಮೇಲೆ ದುಡ್ಡು ದುಡ್ಡನ್ನು ಎಳೆದುಕೊಂಡು ಬರುತ್ತದೆ. ಮೂರನೇ ವರ್ಷದ ಮಳೆಗಾಲಕ್ಕೆ 500ರ ಗಡಿ ದಾಟಿ ಎಷ್ಟೋ ದಿನವಾಗಿರುತ್ತದೆ. ಆದರೂ ಗೆದ್ದೆ ಅನ್ನುವಂತಿಲ್ಲ. ಅಕ್ಟೋಬರ್ ಕೊನೆಯ ದಿನದವರೆಗೆ ಕಾಯಬೇಕು, ಆ ಆಟದಲ್ಲಿ ಕಾಲವನ್ನು ಬೇಗ ಓಡಿಸುವ ಗುಂಡಿಯೂ ಇರಲಿಲ್ಲ. ನಾವು ಕಂಪ್ಯೂಟರನ್ನು ಹಾಗೇ ಬಿಟ್ಟು ಬೀದಿಯ ತುದಿಗೆ ಹೋಗಿ ಟೀ ಕುಡಿದು ಬರುತ್ತಿದ್ದೆವು. ಬರುವಷ್ಟರಲ್ಲಿ ಪರದೆಯ ಮೇಲೆ ಬಲೂನು ಹಾರುತ್ತಿದ್ದವು. ಆಟಗಾರ ಟೀ ಕುಡಿಯಲು ಹೋದರೂ ಗೆಲ್ಲುವ ಆಟದಲ್ಲಿ ಕಷ್ಟ ಎಲ್ಲಿಯದು? ಲೆವೆಲ್ಲಿನಿಂದ ಲೆವೆಲ್ಲಿಗೆ ಏರುವ ದಾರಿ, ಪ್ರತಿ ಲೆವೆಲ್ಲಿನೊಳಗೆ ಇಳಿಜಾರು.

ನನ್ನ ಊರು ಗುಬ್ಬಿಯಾದ್ದರಿಂದ ಈ ದೋಷ ನನಗೆ ಬೇಗ ಕಂಡಿರಬೇಕು. ಗೋಸಲ ಚನ್ನಬಸವೇಶ್ವರಸ್ವಾಮಿ ಜಾತ್ರೆಗೆ ಬರುವ ದೊಡ್ಡ ತೊಟ್ಟಿಲನ್ನು ನೋಡಿ. ತೇರಿನ ದಿನ ಸಾಲು ಕರಗುವುದಿಲ್ಲ, ಕೇಳಿದಷ್ಟು ಕೊಟ್ಟು ಹತ್ತುತ್ತಾರೆ. ಎರಡು ದಿನ ಕಳೆಯಲಿ, ಅದೇ ತೊಟ್ಟಿಲು ಅರ್ಧ ಖಾಲಿ ಪೆಟ್ಟಿಗೆಗಳನ್ನು ಹೊತ್ತು ತಿರುಗುತ್ತದೆ. ಕೆಳಗೆ ನಿಂತ ಹುಡುಗ ‘ಬನ್ನಿ ಬನ್ನಿ, ಇಬ್ಬರಿಗೆ ಒಂದೇ ಟಿಕೆಟು’ ಅಂತ ಗಂಟಲು ಹರಿದುಕೊಳ್ಳುತ್ತಾನೆ. ಊರು ಅಷ್ಟೇ, ನೋಡಬೇಕಾದವರು ನೋಡಿ ಆಯಿತು. ಮನರಂಜನೆಯ ವ್ಯಾಪಾರದಲ್ಲಿ ಮೊದಲ ದಿನ ಸುಲಭ, ಕೊನೆಯ ದಿನ ಕಷ್ಟ. ಆಟ ಇದನ್ನು ತಲೆಕೆಳಗು ಮಾಡಿ ಇಟ್ಟಿದೆ.

ಇದನ್ನು ನಮ್ಮೂರಿನ ನಾಟಕ ಕಂಪನಿಯಷ್ಟು ಚೆನ್ನಾಗಿ ಬಲ್ಲವರು ಇನ್ನಾರು? 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ 1917ರಲ್ಲಿ ಗುಬ್ಬಿ ವೀರಣ್ಣನವರ ಕೈಗೆ ಬಂತು. ಊರೂರು ಸುತ್ತುವ ಕಂಪನಿಗೆ ಒಂದೊಂದು ಕ್ಯಾಂಪೂ ಒಂದೊಂದು ಲೆವೆಲ್ಲು. ಹೊಸ ಊರು, ಹೊಸ ಬಯಲು, ಮೊದಲ ಟಿಕೆಟು ಹರಿಯುವ ಮೊದಲೇ ಆಗುವ ಖರ್ಚು. ಲೀಫಿ ಲೇಕ್‌ನ ದಡದಲ್ಲಿ ನಿಂತ ಹಾಗೆಯೇ. ಆದರೆ ಅಲ್ಲಿಂದ ಮುಂದೆ ದಾರಿ ಬೇರೆ. ಊರಿನವರು ನಾಟಕ ನೋಡಿ ಮುಗಿಸಿದಂತೆ ಕಲೆಕ್ಷನ್ನು ಇಳಿಯುತ್ತದೆ. ಆಗ ನಾಟಕ ಬದಲಿಸಬೇಕು, ಇಲ್ಲವೇ ಕ್ಯಾಂಪು ಕೀಳಬೇಕು, ಇಲ್ಲವೇ ಯಾರೂ ಕಂಡಿರದ್ದನ್ನು ತೋರಿಸಬೇಕು. 1934ರ ‘ಕುರುಕ್ಷೇತ್ರ’ದಲ್ಲಿ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಜನ ಮುಗಿಬಿದ್ದರು ಅನ್ನುವುದು ಕಥೆಯ ಅರ್ಧ ಮಾತ್ರ. ಆನೆಗೆ ನಾಳೆಯೂ ಮೇವು ಬೇಕು, ನಾಟಕವಿಲ್ಲದ ದಿನವೂ ಬೇಕು. ದೊಡ್ಡ ಆಕರ್ಷಣೆ ಒಂದು ಕಷ್ಟವನ್ನು ತೀರಿಸಿ ಇನ್ನೊಂದನ್ನು ತರುತ್ತದೆ.

ಸಾಯರ್ ಈ ಸತ್ಯ ಅರಿಯದವರಲ್ಲ. ಅವರ ಆಟದಲ್ಲೂ ರೈಡು ಹಳತಾದಂತೆ ಜನ ಕೊಡಲೊಪ್ಪುವ ಬೆಲೆ ಇಳಿಯುತ್ತದೆ, ಕೆಟ್ಟು ನಿಲ್ಲುವುದು ಹೆಚ್ಚುತ್ತದೆ. ಆದರೆ ಇದಕ್ಕೆ ಮದ್ದು ತೀರಾ ಅಗ್ಗ. ಹಳೆಯ ರೈಡನ್ನು ಕಿತ್ತು ಅದೇ ಜಾಗದಲ್ಲಿ ಅದನ್ನೇ ಮತ್ತೆ ಕಟ್ಟಿದರೆ ಜನರ ಕಣ್ಣಿಗೆ ಅದು ಹೊಸದು! ಅಷ್ಟು ಮರೆವಿನ ಪ್ರೇಕ್ಷಕರು ಸಿಕ್ಕಿದ್ದರೆ ಯಾವ ಕಂಪನಿಯೂ ಬಾಗಿಲು ಹಾಕುತ್ತಿರಲಿಲ್ಲ.

ಈ ಇಳಿಜಾರಿಗೆ ಅಡ್ಡ ನಿಲ್ಲುವ ಲೆವೆಲ್ಲುಗಳು ಕೊನೆಯ ಸಾಲಿನಲ್ಲಿ ಇವೆ. ಐವರಿ ಟವರ್ಸ್‌ನಲ್ಲಿ ನಮಗೆ ಸಿಗುವುದು ಹಳೆಯ, ದೊಡ್ಡ, ಆದರೆ ಹದಗೆಟ್ಟ ಪಾರ್ಕು. ಯಜಮಾನ ತೀರಿಕೊಂಡ ಮೇಲೆ ಅಂಗಡಿಯ ಲೆಕ್ಕದ ಪುಸ್ತಕ ತೆರೆದು ಕೂತ ಮಗನ ಪಾಡು ನಮ್ಮದು. ಕಟ್ಟುವ ಮೊದಲು ಸರಿಪಡಿಸಬೇಕು. ಅದರ ಮುಂದಿನ ರೇನ್‌ಬೋ ವ್ಯಾಲಿ ಇಡೀ ಆಟದ ಶಿಖರ. ಅಲ್ಲಿನ ಸ್ಥಳೀಯ ಆಡಳಿತ ದೊಡ್ಡ ಮರ ಕಡಿಯಲು ಬಿಡುವುದಿಲ್ಲ, ನೆಲ ತಗ್ಗಿಸಲು ಏರಿಸಲು ಬಿಡುವುದಿಲ್ಲ. ಹತ್ತೊಂಬತ್ತು ಲೆವೆಲ್ಲಿನಲ್ಲಿ ನಾನು ಮೊದಲು ಮಾಡುತ್ತಿದ್ದ ಕೆಲಸವೇ ಗುಡ್ಡ ಸಪಾಟು ಮಾಡುವುದು. ಇಲ್ಲಿ ಆ ಗುದ್ದಲಿಯನ್ನೇ ಕಸಿದುಕೊಂಡರು. ಕೋಸ್ಟರಿನ ಹಳಿಯನ್ನು ಮರದ ತುದಿಯ ಮೇಲಿಂದ ಹಾಯಿಸುತ್ತ, ಕಣಿವೆಯ ಬಾಗಿಗೆ ಬಗ್ಗಿಸುತ್ತ ಕೂತಾಗ, ಇಷ್ಟು ದಿನ ನಾನು ಕಲಿತದ್ದು ಕಟ್ಟುವುದನ್ನಲ್ಲ, ಬೋಳಿಸುವುದನ್ನು ಎಂದು ಗೊತ್ತಾಯಿತು. ರಸ್ತೆ ಅಗಲ ಮಾಡಬೇಕೆಂದರೆ ಮೊದಲು ಸಾಲುಮರಕ್ಕೆ ಕೊಡಲಿ ಹಾಕುವ ಸೀಮೆಯವನಿಗೆ ಇದು ಸಣ್ಣ ಪಾಠವಲ್ಲ. ಒಳ್ಳೆಯ ಲೆವೆಲ್ಲು ಗುರಿಯನ್ನು ದೂರ ಇಡುವುದಿಲ್ಲ, ನಮ್ಮ ಚಟವೊಂದನ್ನು ಬಿಡಿಸುತ್ತದೆ.

ಶಿಖರ ತಲುಪಿದ ಮೇಲೆ ಆಟ ಎಡವುತ್ತದೆ. ರೇನ್‌ಬೋ ವ್ಯಾಲಿಯ ನಂತರ ಬರುವ ಕೊನೆಯ ಲೆವೆಲ್ಲು ಥಂಡರ್ ರಾಕ್, ಮತ್ತೆ ಮರಳುಗಾಡು. ಬಂಡೆಯೊಂದು ಮಧ್ಯದಲ್ಲಿ ನಿಂತಿದೆ ಅನ್ನುವುದನ್ನು ಬಿಟ್ಟರೆ, ಮೊದಲಿಂದ ಬಂದವರಿಗೆ ಹೊಸದಾಗಿ ಕಲಿಯಲು ಅಲ್ಲಿ ಹೆಚ್ಚೇನಿಲ್ಲ. ಕುಣಿಗಲ್ ಕಡೆಯಿಂದ ಶಿವಗಂಗೆಗೆ ಹೊರಟು, ಬೆಟ್ಟ ಹತ್ತಿ ಇಳಿದ ಮೇಲೆ ಹೊಲದ ಬದುವನ್ನು ತೋರಿಸಿ ‘ಇದನ್ನೂ ಹತ್ತಿ’ ಅಂದ ಹಾಗೆ.

ಆಮೇಲೆ ಬಂದ ಭಾಗಗಳು ಬೇರೆ ದಾರಿ ಹಿಡಿದವು. 2002ರ ಎರಡನೇ ಭಾಗ ಬೀಗವನ್ನೇ ತೆಗೆದು ಹಾಕಿತು. ಸುಲಭ, ಸವಾಲಿನದು, ಪರಿಣತರಿಗೆ ಎಂದು ಗುಂಪು ಮಾಡಿ, ಎಲ್ಲ ಬಾಗಿಲೂ ತೆರೆದಿಟ್ಟು ‘ನಿಮಗೆ ಬೇಕಾದ್ದು ಆಡಿ’ ಅಂದಿತು. ಸ್ವಾತಂತ್ರ್ಯವೇನೋ ಸಿಕ್ಕಿತು, ಮೇಷ್ಟ್ರು ಮಾತ್ರ ರಜೆ ಹಾಕಿದರು. 2004ರ ಮೂರನೇ ಭಾಗ ಒಂದೇ ಪಾರ್ಕಿನಲ್ಲಿ ಮೂರು ಹಂತದ ಗುರಿ ಇಟ್ಟಿತು. ಗುರಿ ಮುಟ್ಟಿದ ಮೇಲೂ ಆಟಗಾರನಿಗೆ ಕೆಲಸವಿರುತ್ತದೆ ಅನ್ನುವುದು ಅದರ ಗುಣ, ಟೀ ಕುಡಿಯಲು ಏಳುವಂತಿಲ್ಲ. ಆದರೆ ನೆಲ ಅದೇ, ಹರಿಯುವ ದುಡ್ಡೂ ಅದೇ. ಮೇಲೇರಿದ್ದು ಬಹುತೇಕ ಅಂಕಿಯೇ. ಮೂರನ್ನೂ ತೂಗಿ ನೋಡಿದರೆ ತಕ್ಕಡಿ ಇನ್ನೂ ಮೊದಲ ಭಾಗದ ಕಡೆಗೇ ಬಾಗುತ್ತದೆ. 650ರ ನಂತರ 500 ಇಡುವ ಧೈರ್ಯ ಅದಕ್ಕಿತ್ತು.

ಅದರಲ್ಲಿ ಇಲ್ಲದ್ದು ಒಂದೇ, ಹಿಂದಿನ ಕ್ಯಾಂಪಿನ ಋಣ. ಆಟದಲ್ಲಿ ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಹೋದಾಗ ಲಾಭವೂ ಬರುವುದಿಲ್ಲ, ಸಾಲವೂ ಬರುವುದಿಲ್ಲ, ಕೈಯ ಕಸುಬು ಮಾತ್ರ ಬರುತ್ತದೆ. ನಾಟಕ ಕಂಪನಿಯ ಜೊತೆ ಕಸುಬೂ ಬರುತ್ತಿತ್ತು, ಸಾಲ ಕೊಟ್ಟವರೂ ಬರುತ್ತಿದ್ದರು.

ಈಗ ಈ ಹಳೆಯ ಆಟವೇ ಮೊಬೈಲಿನಲ್ಲಿ ಸಿಗುತ್ತದೆ. ಹೋದ ಬೇಸಿಗೆ ರಜೆಯಲ್ಲಿ ಕುಣಿಗಲ್ಲಿನಿಂದ ಬಂದಿದ್ದ ತಂಗಿಯ ಮಗ ಅದನ್ನೇ ಆಡುತ್ತಿದ್ದ. ಲೀಫಿ ಲೇಕ್ ಮುಗಿಸಿ, ಕೊನೆಯ ಒಂದು ವರ್ಷ ಬೇಜಾರು ಮಾವ ಅಂದ. ನಾನೊಂದು ಕರಾರು ಹಾಕಿದೆ. ಒಂದು ಪಾರ್ಕಿನಲ್ಲಿ ತೀರಿಸದೆ ಬಿಟ್ಟ ಸಾಲವನ್ನು ಹಾಳೆಯ ಮೇಲೆ ಬರೆದಿಡಬೇಕು, ಮುಂದಿನ ಪಾರ್ಕಿನಲ್ಲಿ ಅಷ್ಟು ದುಡ್ಡನ್ನು ಮುಟ್ಟದೆ ಆಡಬೇಕು. ಬಂಬ್ಲಿ ಬೀಚ್ ಶುರು ಮಾಡಿದ ಅರ್ಧ ಗಂಟೆಯಲ್ಲಿ ಮುಖ ಕೆಂಪಗೆ ಮಾಡಿಕೊಂಡು ಬಂದ.

‘ಇದು ಮೋಸ ಮಾವ. ಆ ಸಾಲ ಹಳೇ ಪಾರ್ಕಿಂದು, ಇದು ಬೇರೆ ಊರು.’

ಹಾಗೆ ಅಂದವನು ಫೋನು ಕೆಳಗಿಡಲಿಲ್ಲ. ರಾತ್ರಿ ಊಟಕ್ಕೆ ಅವನನ್ನು ಮೂರು ಸಲ ಕರೆಯಬೇಕಾಯಿತು.