ದೇವನಹಳ್ಳಿ: ಹೆಸರುಗಳ ಜಗಳದಲ್ಲಿ ಮರೆತ ಚರಿತ್ರೆ

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಜಿಲ್ಲೆ ಎಂದು ಕರೆಯಲು ತೀರ್ಮಾನಿಸಿತು. 1986ರಲ್ಲಿ ಜಿಲ್ಲೆಯೊಂದಿಗೇ ಹುಟ್ಟಿದ 'ಗ್ರಾಮಾಂತರ' ಎಂಬ ಪದ ಹೀಗೆ ಪಕ್ಕಕ್ಕೆ ಸರಿಯಿತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳು ನಗರವಾಗುತ್ತಿವೆ ಎಂಬುದು ನಿಜ. ಆದರೆ ಊರು ಬೆಳೆಯುವಾಗ ಅದರ ನೆನಪೂ ಬೆಳೆಯುತ್ತಿದೆಯೇ? ನಮ್ಮ ಪ್ರಶ್ನೆ ಇಷ್ಟೇ.

ಈ ಭಾಗದ ಚರಿತ್ರೆಯ ಬಗ್ಗೆ ನಾಡಿನಲ್ಲಿ ನಡೆದ ದೊಡ್ಡ ಚರ್ಚೆಯೆಲ್ಲ ಹೆಸರಿನದ್ದೇ. 2008ರ ಮೇ 24ರಂದು ಆರಂಭವಾದ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರಿಡಲಾಯಿತು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರ ಹೆಸರು ಅದಕ್ಕೆ ಒಪ್ಪುತ್ತಿತ್ತು ಎಂದು ಗಿರೀಶ್ ಕಾರ್ನಾಡರು 2015ರ ನವೆಂಬರ್‌ನಲ್ಲಿ ಹೇಳಿದಾಗ ಎದ್ದ ಗದ್ದಲ ಎಷ್ಟಿತ್ತೆಂದರೆ, ಮರುದಿನವೇ ಅವರು ಕ್ಷಮೆ ಕೇಳಬೇಕಾಯಿತು. 2022ರಲ್ಲಿ ಅಲ್ಲಿ ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆ ನಿಂತಿತು. ಕೋಟೆಯ ಬಳಿ ಟಿಪ್ಪು ಹುಟ್ಟಿದ ಸ್ಥಳವೆಂದು ಸಾರುವ ಆಳೆತ್ತರದ ಕಲ್ಲಿನ ಮಂಟಪ ತನ್ನ ಪಾಡಿಗೆ ತಾನಿದೆ. ಎರಡನ್ನೂ ಎದುರಾಳಿಗಳೆಂಬಂತೆ ಓದುವ ಅಭ್ಯಾಸವೊಂದು ಬೆಳೆದುಬಿಟ್ಟಿದೆ.

ಚರಿತ್ರೆ ಈ ಓದಿಗೆ ಸಾಕ್ಷಿ ಹೇಳುವುದಿಲ್ಲ. 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿದ ಮಲ್ಲಬೈರೇಗೌಡರು ಆವತಿ ನಾಡಪ್ರಭುಗಳ ಮನೆತನದವರು. ಕಂಚಿಯ ಕಡೆಯಿಂದ ಗುಳೆ ಬಂದು ಆವತಿಯಲ್ಲಿ ನೆಲೆ ನಿಂತ ಮೊರಸು ಒಕ್ಕಲಿಗರ ಕುಟುಂಬವದು ಎನ್ನುತ್ತದೆ ಐತಿಹ್ಯ. ಯಲಹಂಕದ ಕೆಂಪೇಗೌಡರ ವಂಶವನ್ನೂ ಈ ವಲಸೆಯ ಕಥೆಯೊಂದಿಗೇ ಜೋಡಿಸುತ್ತಾರೆ. ಹೈದರಾಲಿಯ ಪೂರ್ವಜರು ಗುಲ್ಬರ್ಗದ ದಾರಿಯಾಗಿ ದಕ್ಷಿಣಕ್ಕೆ ಬಂದವರು. ಬಾಲಕ ಹೈದರನ ಕುಟುಂಬವನ್ನು ಹಣಕ್ಕಾಗಿ ಹಿಂಸಿಸಿದವನು ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಖುಲಿ ಖಾನ್, ಒಬ್ಬ ಮುಸ್ಲಿಮ್. ಅದೇ ಹೈದರ್ 1749ರಲ್ಲಿ ಮೈಸೂರಿನ ನಂಜರಾಜನ ಪರವಾಗಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೋರಾಡಿ ಮೊದಲ ಹೆಸರು ಗಳಿಸಿದ. ಇಲ್ಲಿ ಧರ್ಮಗಳ ನಡುವಿನ ಯುದ್ಧವನ್ನು ಹುಡುಕುವವರಿಗೆ ನಿರಾಸೆ ಖಂಡಿತ.

ಆದರೆ ಇದೂ ಅರಸರ ಚರಿತ್ರೆಯೇ. ಜನರ ಚರಿತ್ರೆ ಬೇಕೆಂದರೆ ರೇಷ್ಮೆಯ ಎಳೆ ಹಿಡಿದು ಹೋಗಬೇಕು. 1780ರ ದಶಕದಲ್ಲಿ ಟಿಪ್ಪು ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಣೆಗೆ ಪ್ರಯತ್ನಿಸಿದರು. ಆ ಹಿಪ್ಪುನೇರಳೆ ಇಂದಿಗೂ ಈ ಕೆಂಪು ಮಣ್ಣಿನಲ್ಲಿ ಬೆಳೆಯುತ್ತಿದೆ. ಸೊಪ್ಪು ಬೆಳೆದು ಹುಳು ಸಾಕುವವರು ಹಳ್ಳಿಯ ರೈತರು. ಅವರ ಗೂಡು ಬರುವುದು ದೇವನಹಳ್ಳಿ ತಾಲೂಕಿನ ವಿಜಯಪುರದಂಥ ಪೇಟೆಗಳ ಮಾರುಕಟ್ಟೆಗೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಕಸುಬಿನಲ್ಲಿ ಮುಸ್ಲಿಮ್ ಕುಟುಂಬಗಳು ತಲೆಮಾರುಗಳಿಂದ ತೊಡಗಿವೆ. ಸೀರೆ ನೇಯಲು ದೊಡ್ಡಬಳ್ಳಾಪುರದ ದೇವಾಂಗ ಮತ್ತಿತರ ನೇಕಾರರ ಮಗ್ಗಗಳಿವೆ. ಒಂದು ಸೀರೆಯಲ್ಲಿ ಎಷ್ಟು ಜಾತಿಗಳ ಕೈ ಬಿದ್ದಿದೆ ಎಂದು ಯಾವ ಫಲಕವೂ ಬರೆದಿಲ್ಲ. ಇದನ್ನು ಸೌಹಾರ್ದದ ಭಾಷಣವೆಂದು ಯಾರೂ ತಿಳಿಯಬೇಕಿಲ್ಲ. ಗೂಡಿನ ದರಕ್ಕೆ ಜಗಳವಿದೆ, ಸಾಲವಿದೆ, ರೀಲರ್ ಮನೆಯ ಹೆಣ್ಣುಮಕ್ಕಳ ಬೆಂದ ಬೆರಳುಗಳಿವೆ. ಆದರೂ ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು. ಟಿಪ್ಪು ಅವರ ನಿಜವಾದ ಸ್ಮಾರಕ ಕಲ್ಲಿನ ಮಂಟಪವೋ ಈ ಕಸುಬೋ ಎಂದು ಮುಸ್ಲಿಮ್ ಸಂಘಟನೆಗಳೂ ಕೇಳಿಕೊಳ್ಳಬೇಕು. ಜಯಂತಿಗಾಗಿ ನಡೆದಷ್ಟು ಹೋರಾಟ ನೂಲು ಬಿಚ್ಚುವವರ ಬದುಕಿಗಾಗಿ ನಡೆದದ್ದು ಕಾಣುವುದಿಲ್ಲ.

ಈ ಎಳೆಗೆ ಕತ್ತರಿ ಬೀಳುವುದು ಭೂಮಿಯಲ್ಲಿ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳುವ ಯತ್ನದ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ 1,198 ದಿನ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ, ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿ ಘೋಷಿಸಿತು. ಹೆಸರು ಬದಲಾವಣೆಯ ತೀರ್ಮಾನಕ್ಕೂ ಈ ಘೋಷಣೆಗೂ ಹದಿಮೂರೇ ದಿನದ ಅಂತರ. 'ಗ್ರಾಮಾಂತರ' ಎಂಬ ಪದವನ್ನು ಸರ್ಕಾರ ಬಿಟ್ಟ ತಿಂಗಳಲ್ಲೇ ಗ್ರಾಮಗಳು ತಾವಿನ್ನೂ ಇದ್ದೇವೆ ಎಂದು ತೋರಿಸಿಕೊಟ್ಟವು. ಈ ದಶಕದಲ್ಲಿ ಈ ನೆಲದ ಮೇಲೆ ಬರೆಯಲಾದ ದೊಡ್ಡ ಶಾಸನ ಇದೇ ಎಂಬುದು ನಮ್ಮ ಅಭಿಪ್ರಾಯ.

ಹೊಸ ಬಡಾವಣೆಗಳ ಸ್ಥಿತಿ ಬೇರೆ. ಎತ್ತರದ ಗೋಡೆ, ಒಂದೇ ಗೇಟು. ಗೂಡಿನ ಮಾರುಕಟ್ಟೆಯಲ್ಲಿ ದರ ಕೇಳುತ್ತಿದ್ದ ಜಾಗದಲ್ಲಿ ಇಲ್ಲಿ ಹೆಸರು ಕೇಳುತ್ತಾರೆ. ಮುಸ್ಲಿಮ್ ಎಂದು ತಿಳಿದೊಡನೆ ಬಾಡಿಗೆ ಮನೆ ಖಾಲಿ ಇಲ್ಲವೆನ್ನುವ ಮಾತು ಬೆಂಗಳೂರಿನಿಂದ ಇತ್ತಲೂ ಹಬ್ಬುತ್ತಿದೆ. ಅಕ್ಕಪಕ್ಕದಲ್ಲಿದ್ದೂ ಪರಸ್ಪರ ಕೆಲಸವಿಲ್ಲದ ಜನ ಒಬ್ಬರನ್ನೊಬ್ಬರು ವಾಟ್ಸ್ಆಪ್ ಸಂದೇಶಗಳಿಂದ ಅರಿಯುತ್ತಾರೆ. ಜನಾಂಗ, ಗೋತ್ರಗಳಿರುವುದು ಪರಸ್ಪರ ಅರಿಯಲಿಕ್ಕಾಗಿ ಎಂಬುದು ಕುರ್‌ಆನಿನ ಆಶಯ. ಅರಿಯುವ ದಾರಿಯನ್ನೇ ಮುಚ್ಚಿಕೊಂಡು ಕಟ್ಟಿದ್ದನ್ನು ನಗರವೆನ್ನುವುದು ಹೇಗೆ?

ಹೀಗಾಗಿ ಈ ಪಟ್ಟಣಗಳ ಚರಿತ್ರೆಯನ್ನು ಬರೆಯುವ ಕೆಲಸ ಪ್ರತಿಮೆಗಳಿಂದ ಕೆಳಗಿಳಿಯಬೇಕು. ಶಾಲೆಯ ಮಕ್ಕಳು ಗೂಡಿನ ಮಾರುಕಟ್ಟೆಗೂ ಮಗ್ಗದ ಮನೆಗೂ ಹೋಗಿ ಬರಲಿ. ಮಸೀದಿ, ದೇವಸ್ಥಾನಗಳ ಸಮಿತಿಗಳು ತಮ್ಮಲ್ಲಿರುವ ಹಳೆಯ ದಾಖಲೆಗಳನ್ನು ಧೂಳಿನಿಂದ ಹೊರತೆಗೆಯಲಿ. ನಿನ್ನೆ ಬಂದು ನಿವೇಶನ ಕೊಂಡವರಿಗೂ ಆವತಿಗೆ ಗುಳೆ ಬಂದವರ ಕಥೆ ತಿಳಿಯಲಿ. ಇಲ್ಲಿಗೆ ಎಲ್ಲರೂ ಬಂದವರೇ ಎಂದು ಗೊತ್ತಾದ ಮೇಲೆ ಬಾಗಿಲಲ್ಲಿ ನಿಂತವನ ಹೆಸರು ಕೇಳಲು ಯಾರಿಗಾದರೂ ಸ್ವಲ್ಪ ಸಂಕೋಚವಾದೀತು.