ಪ್ರಶ್ನವಾಕ್ಯದಲ್ಲಿ ಕ್ರಿಯೆಯ ಕ್ರಮ

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಕೈಪಿಡಿಯಲ್ಲಿ ಉಕ್ತಿಗಳನ್ನು ಗಣಿಸುವ ನಿಯಮಗಳನ್ನು ತಿಳಿಸುವ ಪ್ರಕರಣವೊಂದುಂಟು. ಗಾತ್ರದಲ್ಲಿ ಕಿರಿದಾದರೂ ಭಾಷಾವಿಚಾರದಲ್ಲಿ ಆಸಕ್ತರಾದವರು ಪರಿಶೀಲಿಸತಕ್ಕದ್ದು ಅದು. ಪ್ರಶ್ನವಾಕ್ಯದ ಅಂಗಗಳನ್ನು ಎಡದಿಂದ ಬಲಕ್ಕೇ ಗಣಿಸಬೇಕೆಂಬ ಕಟ್ಟಳೆಯಿಲ್ಲವೆಂಬುದೇ ಅದರ ಸಾರ.

ಇದರ ಮೂಲವು ಎಡ್ಗರ್ ಕಾಡ್ ಎಂಬ ವಿದ್ವಾಂಸನು 1970ರಲ್ಲಿ ಪ್ರಕಟಿಸಿದ, ಸಂಬಂಧಾತ್ಮಕ ಮಾದರಿಯನ್ನು ಕುರಿತ ಲೇಖನದಲ್ಲಿದೆ. 1974ರಲ್ಲಿ ಚೇಂಬರ್ಲಿನ್, ಬಾಯ್ಸ್ ಇವರು ನಿರೂಪಿಸಿದ ಸೀಕ್ವೆಲ್ ಭಾಷೆಯಿಂದ ಇಂದಿನ ಎಸ್‌ಕ್ಯೂಎಲ್ ಬೆಳೆಯಿತು. ಬೇಕಾದುದೇನೆಂದು ಹೇಳುವುದು ಪ್ರಶ್ನಿಸುವವನ ಕೆಲಸ. ಅದನ್ನು ಪಡೆಯುವ ಮಾರ್ಗವನ್ನು ನಿಶ್ಚಯಿಸುವುದು ಯಂತ್ರದ ಕೆಲಸ. ವಿಭಕ್ತಿಗಳಿರುವುದರಿಂದ ಕನ್ನಡದಲ್ಲಿ ‘ರಾಮನು ಮರವನ್ನು ಕಡಿದನು’ ಎಂದರೂ ‘ಮರವನ್ನು ರಾಮನು ಕಡಿದನು’ ಎಂದರೂ ಅರ್ಥವು ಕೆಡದಷ್ಟೆ. ಹಾಗೆಯೇ ಇಲ್ಲಿಯೂ ಎರಡು ನಿಬಂಧನೆಗಳಲ್ಲಿ ಯಾವುದನ್ನು ಮೊದಲು ನೋಡಿದರೂ ಫಲವೊಂದೇ ಎಂಬುದು ಮತ.

ಆದರೆ ಈ ಸ್ವಾತಂತ್ರ್ಯವು ಅಂಗಗಳು ಬೆಲೆಯನ್ನು ಮಾತ್ರ ತಿಳಿಸುವವರೆಗೆ ಸಲ್ಲುವುದು. ಬೆಲೆಯನ್ನು ಕೊಡುವ ಫಂಕ್ಷನ್ನು ಜೊತೆಯಲ್ಲಿಯೇ ಕೋಶದೊಳಗೆ ಏನನ್ನಾದರೂ ಮಾರ್ಪಡಿಸಿದರೆ, ಎಂದರೆ ಪಾರ್ಶ್ವಪರಿಣಾಮವನ್ನುಂಟುಮಾಡಿದರೆ, ಪ್ರಶ್ನೆಯು ಆಜ್ಞೆಯೂ ಆಗುವುದು. ‘ನೆಕ್ಸ್ಟ್‌ವಾಲ್’ ಎಂಬುದನ್ನು ಕರೆದಾಗಲೆಲ್ಲ ಮುಂದಿನ ಸಂಖ್ಯೆಯೊಂದು ದೊರೆಯುವುದು. ಕಾರ್ಯವು ನಡುವೆ ರದ್ದಾದರೂ ಆ ಸಂಖ್ಯೆ ಹಿಂದಿರುಗದು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಒಂದೊಂದಕ್ಕೂ ಅಂಕವಿಡಬೇಕೆಂದು ಕೇಳಿದರೆ, ಜೋಡಣೆಗೆ ಮುಂಚೆಯೇ ಅಂಕ ಬಿದ್ದು ಪಟ್ಟಿಯಲ್ಲಿ ಸಂಖ್ಯೆಗಳು ಚದುರುವ ಸಂಭವವಿತ್ತು. 2016ರ 9.6ನೆಯ ಆವೃತ್ತಿಯಲ್ಲಿ ಇಂಥ ಫಂಕ್ಷನ್ನುಗಳನ್ನು ಸಾಧ್ಯವಾದೆಡೆ ಜೋಡಣೆಯ ತರುವಾಯ ನಡೆಸುವಂತೆ ತಿದ್ದಲಾಯಿತು.

ಪರಿಹಾರದ ಮಿತಿಯನ್ನೂ ಮರೆಮಾಚದಿರುವುದು ಕೈಪಿಡಿಯ ಗುಣ. ಸೊನ್ನೆಯಿಂದ ಭಾಗಿಸುವ ಪ್ರಮಾದವನ್ನು ತಪ್ಪಿಸಲು ‘ಕೇಸ್’ ರಚನೆಯನ್ನು ಸೂಚಿಸಿ, ಸರಾಸರಿ ಮೊದಲಾದ ಸಮೂಹಗಣನೆಗಳು ಅದಕ್ಕಿಂತ ಮೊದಲೇ ನಡೆಯುವುದರಿಂದ ಅಲ್ಲಿ ಅದು ರಕ್ಷೆಯಾಗದೆಂದು ಅದು ಎಚ್ಚರಿಸುವುದು. ದೋಷವಿರುವುದು ವಿನ್ಯಾಸದಲ್ಲಿ. ವೋಲಟೈಲ್, ಸ್ಟೇಬಲ್, ಇಮ್ಯೂಟಬಲ್ ಎಂಬ ಫಂಕ್ಷನ್ನುಗಳ ತ್ರಿವಿಧ ವಿಭಾಗದ ವಿವರಣೆ ಬಹುದೂರದ ಅಧ್ಯಾಯದಲ್ಲಿದೆ. ಅದನ್ನು ಮಾತ್ರ ಓದಿದವನು ‘ವೋಲಟೈಲ್’ ಎಂಬ ಹೆಸರಿಟ್ಟರೆ ಕ್ರಮವೂ ಸ್ಥಿರವಾಯಿತೆಂದು ಭ್ರಮಿಸುವನು. ಬೆಲೆ ಬೇಕಾದ ಪ್ರತಿಯೊಂದು ಸಾಲಿಗೂ ಫಂಕ್ಷನ್ನನ್ನು ಹೊಸದಾಗಿ ಕರೆಯಬೇಕೆಂದು ಆ ಹೆಸರು ವಿಧಿಸುವುದೇ ಹೊರತು, ಅಂಗಗಳಲ್ಲಿ ಯಾವುದು ಮೊದಲೆಂದು ವಿಧಿಸದು. ಎರಡು ಪ್ರಕರಣಗಳನ್ನು ಒಂದೆಡೆ ಇಟ್ಟಿದ್ದರೆ ಈ ಭ್ರಮೆಗೆ ಎಡೆಯಿರುತ್ತಿರಲಿಲ್ಲ.

2016ರ ತಿದ್ದುಪಾಡು ಉಪಕಾರಕವೇ ಸರಿ. ಆದರೆ ಅದು ಜೋಡಣೆಗೆ ಸಂಬಂಧಪಟ್ಟ ಸೌಕರ್ಯವೇ ಹೊರತು, ನಿಬಂಧನೆಗಳ ಕ್ರಮಕ್ಕೆ ಕೊಟ್ಟ ಅಭಯವಲ್ಲ. ಅದನ್ನು ಎಲ್ಲೆಡೆಗೂ ಸಲ್ಲುವ ವಿಧಿಯೆಂದು ಬಗೆಯಕೂಡದು. ಮಾಡಬೇಕಾದ ಕ್ರಿಯೆಯನ್ನು ಬೇರೆ ವಾಕ್ಯದಲ್ಲಿ ಆಜ್ಞಾಪಿಸಿ, ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿಕೊಳ್ಳುವುದು ಶ್ರೇಯಸ್ಕರ.