ಸ್ಪರ್ಶವೃತ್ತವೂ ಹರಿಹರದ ಕಂಬಗಳೂ

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದನು. ಅದರ ಮಂಟಪದ ಕಂಬಗಳು ತಿರುಗಣಿಯಲ್ಲಿ ಕಡೆದವು. ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ ಲೇತ್ ಯಂತ್ರಗಳನ್ನು ತಯಾರಿಸಿತೆಂಬುದು ಕಾಕತಾಳೀಯವೇ ಆದರೂ ನೆನೆಯತಕ್ಕ ಸಂಗತಿ. ನಮ್ಮ ಆಕ್ಷೇಪಣೆಯಿರುವುದು ಕಂಬಗಳ ವಿಷಯದಲ್ಲಲ್ಲ, ಅವುಗಳ ನಕ್ಷೆಗಳ ವಿಷಯದಲ್ಲಿ.

ದಾವಣಗೆರೆಯ ವಿದ್ಯಾರ್ಥಿಗಳು ಈಗ ಇಂಥ ನಕ್ಷೆಗಳನ್ನು ಗಣಕಯಂತ್ರದ ಕ್ಯಾಡ್ ತಂತ್ರಾಂಶದಲ್ಲಿ ಬರೆಯುತ್ತಾರೆ. ಈಚೆಗೆ ನಮ್ಮ ಪರಿಶೀಲನೆಗೆ ಬಂದ ಒಂದು ಪ್ರಬಂಧದ ಕರಡಿನಲ್ಲಿ, ಕಂಬದ ಉಬ್ಬುಪಟ್ಟಿಗಳ ನಡುವಣ ತಗ್ಗುಗಳೆಲ್ಲ ಒಂದೇ ತ್ರಿಜ್ಯದ ವೃತ್ತಖಂಡಗಳೆಂದೂ, ಆದುದರಿಂದ ಶಿಲ್ಪಿಗಳು ಒಂದು ನಿಶ್ಚಿತ ಮಾನವನ್ನು ಅನುಸರಿಸಿದರೆಂದೂ ವಾದಿಸಲಾಗಿತ್ತು. ಆ ತ್ರಿಜ್ಯವು ಎಲ್ಲಿಂದ ದೊರೆಯಿತೆಂದು ವಿಚಾರಿಸಿದೆವು. ಮೊದಲು ಕೊಟ್ಟ ಅಳತೆಗೆ ತಂತ್ರಾಂಶವು ಒಪ್ಪಲಿಲ್ಲವಾಗಿ, ಒಪ್ಪುವ ಸಂಖ್ಯೆಯೊಂದನ್ನು ತಾವೇ ಕೊಟ್ಟುದಾಗಿ ಲೇಖಕರು ತಿಳಿಸಿದರು! ಶಿಲ್ಪಿಯ ಮಾನವೆಂದು ನಾವು ಓದಿದುದು ವಿದ್ಯಾರ್ಥಿಯ ಮಾನವಾಗಿತ್ತು.

ತಂತ್ರಾಂಶವು ಒಪ್ಪದಿದ್ದುದೇಕೆ? ಎರಡು ವೃತ್ತಗಳನ್ನು ತೋರಿಸಿ ತ್ರಿಜ್ಯವನ್ನು ಹೇಳಿದರೆ, ಎರಡನ್ನೂ ಸ್ಪರ್ಶಿಸುವ ವೃತ್ತವನ್ನು ಅದು ಎಳೆಯುತ್ತದೆ. ಆ ವೃತ್ತಗಳ ನಡುವಣ ಕನಿಷ್ಠ ಅಂತರ 4 ಸೆಂಟಿಮೀಟರಾಗಿದ್ದರೆ, 2 ಸೆಂಟಿಮೀಟರಿಗಿಂತ ಕಿರಿದಾದ ತ್ರಿಜ್ಯದಿಂದ ಎರಡನ್ನೂ ಮುಟ್ಟುವುದು ಅಸಾಧ್ಯ. 1.5 ಎಂದು ಕೊಟ್ಟರೆ ಅಂಥ ವೃತ್ತವಿಲ್ಲವೆಂಬ ಉತ್ತರ ಬರುತ್ತದೆ. 2.5 ಎಂದರೆ ವೃತ್ತವು ಮೂಡುತ್ತದೆ; ತೊಡಕು ಪರಿಹಾರವಾದಂತೆ ತೋರುತ್ತದೆ. ಆದರೆ ಆ ನಿರಾಕರಣೆಯಲ್ಲಿ ಒಂದು ಸುದ್ದಿಯಿತ್ತು: ಅಳತೆ ತಪ್ಪಿರಬೇಕು, ಇಲ್ಲವೆ ತಗ್ಗು ವೃತ್ತಖಂಡವಾಗಿರದೆ ನಡುವೆ ಚಪ್ಪಟೆಯ ಪಟ್ಟಿಯಿರಬೇಕು. ಸಂಖ್ಯೆಯನ್ನು ತಿದ್ದಿದವನು ಸಾಕ್ಷಿಯ ಬಾಯನ್ನು ಮುಚ್ಚಿದಂತಾಯಿತು.

ವೃತ್ತ ಮೂಡಿದಾಗಲೂ ಎಚ್ಚರ ಬೇಕು. ಒಂದನ್ನೊಂದು ಛೇದಿಸುವ ಎರಡು ಸರಳರೇಖೆಗಳನ್ನು ನಿಶ್ಚಿತ ತ್ರಿಜ್ಯದಿಂದ ಸ್ಪರ್ಶಿಸುವ ವೃತ್ತಗಳು ನಾಲ್ಕು. ಗ್ರೀಸಿನ ಅಪೊಲೋನಿಯಸನ ಸಮಸ್ಯೆಯಲ್ಲಿ ಮೂರು ವೃತ್ತಗಳನ್ನು ಸ್ಪರ್ಶಿಸುವವು ಎಂಟರವರೆಗೂ ಇರಬಹುದು. ಆಟೋಕ್ಯಾಡ್ ಮೊದಲನೆಯ ಸಂದರ್ಭದಲ್ಲಿ, ನಾವು ಗುರುತಿಸಿದ ಬಿಂದುಗಳಿಗೆ ಅತ್ಯಂತ ಸಮೀಪದಲ್ಲಿ ಸ್ಪರ್ಶಿಸುವುದೊಂದನ್ನು ಆರಿಸಿಕೊಡುತ್ತದೆ, ಉಳಿದವುಗಳ ಸುದ್ದಿಯೆತ್ತುವುದಿಲ್ಲ. ಕೈ ಕೊಂಚ ಆಚೆ ಸರಿದರೆ ಬೇರೊಂದು ವೃತ್ತ. ಇನ್ನು ಹಿಗ್ಗಿಸಿ ನೋಡಿದಾಗ ವೃತ್ತವು ಬಹುಭುಜದಂತೆ ಕಂಡು ಸ್ಪರ್ಶವೇ ತಪ್ಪಿದಂತೆ ತೋರುವುದುಂಟು. ಅದು ಪರದೆಯ ದೋಷ ಮಾತ್ರ; ಚಿತ್ರವನ್ನು ಪುನಃ ರಚಿಸುವ ಆಜ್ಞೆಯಿಂದ ಸರಿಹೋಗುತ್ತದೆ. ವಿಚಿತ್ರವೆಂದರೆ, ವಿದ್ಯಾರ್ಥಿಗಳು ಗಾಬರಿಗೊಳ್ಳುವುದು ನಿರಪಾಯವಾದ ಈ ದೋಷಕ್ಕೇ.

ಸ್ಪರ್ಶವೃತ್ತಗಳ ವಿಚಾರ ಕನ್ನಡನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದಲ್ಲಿ, ಪರಸ್ಪರ ಸ್ಪರ್ಶಿಸುವ ಮೂರು ಸಮವೃತ್ತಗಳ ನಡುವಣ ಕ್ಷೇತ್ರಫಲಕ್ಕೆ ಸೂತ್ರ ಕೊಟ್ಟಿದ್ದಾನೆ: ವ್ಯಾಸವೇ ಭುಜವಾಗುಳ್ಳ ಸಮತ್ರಿಭುಜದ ಕ್ಷೇತ್ರಫಲದಲ್ಲಿ ವೃತ್ತಕ್ಷೇತ್ರದ ಅರ್ಧವನ್ನು ಕಳೆಯಬೇಕು. ಅಲ್ಲಿ ವೃತ್ತಗಳು ಸ್ಪರ್ಶಿಸುತ್ತವೆಂಬುದು ಲೆಕ್ಕದ ಪ್ರತಿಜ್ಞೆ. ಅದನ್ನು ಯಾರೂ ಪರೀಕ್ಷಿಸಬೇಕಾಗಿಲ್ಲ. ಎಂಟುನೂರು ವರ್ಷ ಸವೆದ ಕಲ್ಲಿನಲ್ಲಾದರೋ ಸ್ಪರ್ಶವೆಂಬುದೇ ಪರೀಕ್ಷೆಗೊಳಗಾಗಬೇಕಾದ ಸಂಗತಿ. ಗಣಿತಜ್ಞನಿಗೆ ಸಲ್ಲುವ ಸೌಕರ್ಯವನ್ನು ಇತಿಹಾಸಕಾರನು ಕೇಳದೆಯೇ ತೆಗೆದುಕೊಳ್ಳುವಂತಿಲ್ಲ.

ತಂತ್ರಾಂಶವನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಅಳೆದ ಬಿಂದುಗಳು ಒಂದು ಬಣ್ಣದಲ್ಲಿಯೂ ಊಹಿಸಿ ಎಳೆದ ವೃತ್ತಗಳು ಮತ್ತೊಂದು ಬಣ್ಣದಲ್ಲಿಯೂ ಇರಲಿ. ತಂತ್ರಾಂಶ ನಿರಾಕರಿಸಿದ ಅಳತೆಗಳನ್ನು ನಕ್ಷೆಯ ಅಂಚಿನಲ್ಲಿ ಬರೆದಿಡಲಿ. ಮೇಲೆ ಹೇಳಿದ ಲೇಖಕರು ಅಳತೆಪಟ್ಟಿಯೊಡನೆ ಮತ್ತೆ ಹರಿಹರಕ್ಕೆ ಹೋಗಿದ್ದಾರೆ. ಅವರು ಹಿಂದಿರುಗುವವರೆಗೆ ಆ ಅಧ್ಯಾಯವನ್ನು ನಾವು ತಡೆದಿಟ್ಟಿದ್ದೇವೆ.